ಎಸ್ಸೆಸ್ಸೆಲ್ಸಿ ಬರೆಯೋದು ಮಕ್ಕಳು, ಮೇಷ್ಟ್ರುಗಳಿಗೆ ಯಾಕಷ್ಟು ಒತ್ತಡ?

"ಪರೀಕ್ಷೆ ಮಕ್ಕಳದು, ಮೇಷ್ಟ್ರುಗಳು ಯಾಕೆ ಒದ್ದಾಡಬೇಕು" ಅಂತ ಕೇಳಿದ್ದೀರಿ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಹಾಗಾಗಿ ಉತ್ತರ ಕೊಡಲೇಬೇಕು ಅನ್ನಿಸಿತು.

ಫಲಿತಾಂಶ ಬಂದ ದಿನ ಎಲ್ಲರ ಕಣ್ಣು ಶೇಕಡಾವಾರಿನ ಮೇಲೆ. ರಾಜ್ಯದಲ್ಲಿ ನಮ್ಮ ಜಿಲ್ಲೆ ಎಷ್ಟನೇದು, ಜಿಲ್ಲೆಯಲ್ಲಿ ತಾಲ್ಲೂಕು ಎಷ್ಟನೇದು, ತಾಲ್ಲೂಕಿನಲ್ಲಿ ಯಾವ ಶಾಲೆ ಹಿಂದೆ, ಆ ಶಾಲೆಯಲ್ಲಿ ಯಾವ ವಿಷಯ ಅಂತ ಹುಡುಕುತ್ತಾ ಬಂದರೆ ಕೊನೆಗೆ ಸಿಗೋದು ಒಬ್ಬ ಮೇಷ್ಟ್ರ ಹೆಸರು. ಕಡಿಮೆ ಬಂದಿದ್ದರೆ ಕಾರಣ ಕೇಳಿ ನೋಟಿಸ್ ಬರುತ್ತದೆ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ನಕಲು ತಡೆದಿದ್ದು ಸರಿಯೇ, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಆ ವರ್ಷ ಉಡುಪಿ ಶೇ. 94, ಯಾದಗಿರಿ 50.59. ಯಾದಗಿರಿಯ ಮೇಷ್ಟ್ರುಗಳು ಅರ್ಧದಷ್ಟೇ ಕೆಲಸ ಮಾಡಿದರು ಅಂತ ಇದರ ಅರ್ಥವಾ? ಖಾಲಿ ಹುದ್ದೆಗಳು, ಅತಿಥಿ ಶಿಕ್ಷಕರ ಮೇಲೆ ನಡೆಯೋ ಶಾಲೆಗಳು, ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ತಿಂಗಳುಗಟ್ಟಲೆ ಬಾರದ ಮಕ್ಕಳು, ಇದ್ಯಾವುದೂ ಆ ಪಟ್ಟಿಯಲ್ಲಿ ಕಾಣೋದಿಲ್ಲ ಅಲ್ವಾ.

ಇದರಿಂದ ಪಾಠವೇ ಬದಲಾಗಿಬಿಡುತ್ತದೆ. ಬೆಳಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ರಾತ್ರಿ ಮನೆಗೆ ಫೋನ್ ಮಾಡಿ "ಓದ್ತಿದ್ದೀಯಾ" ಅಂತ ವಿಚಾರಿಸೋದು. ಇದೆಲ್ಲ ಇರಲಿ, ಮಕ್ಕಳಿಗೋಸ್ಕರ ಮಾಡೋಣ. ನೋವಾಗೋದು 'ಪಾಸಿಂಗ್ ಪ್ಯಾಕೇಜ್' ಕೈಗೆತ್ತಿಕೊಂಡಾಗ. ಗ್ರಾಫ್, ಥೇಲ್ಸ್ ಪ್ರಮೇಯ, ಖಂಡಿತ ಬರೋ ಒಂದಷ್ಟು ಲೆಕ್ಕ, ಅಷ್ಟನ್ನೇ ತಿರುಗಿಸಿ ಮುರುಗಿಸಿ ಬರೆಸೋದು. ಹುಡುಗ ಪ್ರಮೇಯವನ್ನು ಒಂದಕ್ಷರ ಬಿಡದೆ ಬರೆಯುತ್ತಾನೆ, ತ್ರಿಭುಜದ ಎಬಿಸಿ ಬದಲು ಪಿಕ್ಯೂಆರ್ ಅಂತ ಕೊಟ್ಟರೆ ಪೆನ್ನು ಕೆಳಗಿಡುತ್ತಾನೆ. ಪಾಸಿನ ಅಂಚಿನಲ್ಲಿರೋ ಮಕ್ಕಳ ಹಿಂದೆಯೇ ಇದ್ದುಬಿಡುತ್ತೇವೆ, ಸುಮ್ನೆ ಕೂತು ಕೇಳೋ, "ಯಾಕೆ ಹೀಗೆ ಸರ್" ಅನ್ನೋ ಹುಡುಗಿಗೆ ಉತ್ತರಿಸಲು ಪುರುಸೊತ್ತೇ ಇರೋದಿಲ್ಲ. ಎಂಟು, ಒಂಬತ್ತನೇ ತರಗತಿಯ ಪಿರಿಯಡ್‌ಗಳೂ ಹತ್ತನೆಯವರಿಗೆ ಹೋಗುತ್ತವೆ, ಅವರೇ ಮುಂದೆ ಭಾಗಾಕಾರ ಬಾರದೆ ಹತ್ತಕ್ಕೆ ಬಂದು ಕೂರುತ್ತಾರೆ.

ನಮ್ಮನ್ನು ಪ್ರಶ್ನೆ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ಎಂಟನೇ ತರಗತಿಗೆ ಸೇರಿದಾಗ ಈ ಮಗುವಿಗೆ ಏನು ಬರುತ್ತಿತ್ತು, ಈಗ ಏನು ಬರುತ್ತದೆ ಅಂತ ನೋಡಿ ಕೇಳಲಿ. ಅದಕ್ಕೆ ಎಷ್ಟು ಬೇಕಾದರೂ ಉತ್ತರ ಕೊಡುತ್ತೇನೆ.