ಶನಿವಾರದ ಮೆರವಣಿಗೆಗೆ ಹೊರಟವನಿಗೆ

ತಮ್ಮಾ, ಶಿರಸಿಯಿಂದ ಪ್ಯಾರಿಸ್‌ಗೆ ಓದಲು ಬಂದು ಇನ್ನೂ ಪೆಟ್ಟಿಗೆ ಬಿಚ್ಚಿದ್ದೀಯೋ ಇಲ್ಲವೋ, ಆಗಲೇ ಕೇಳಿದ್ದೀಯ: ಶನಿವಾರ ಹಾಸ್ಟೆಲ್ ಹತ್ತಿರ ದೊಡ್ಡ ಪ್ರತಿಭಟನೆಯಂತೆ, ಹೋಗಿ ನೋಡಬಹುದೇ, ವೀಸಾಕ್ಕೆ ತೊಂದರೆಯಾದೀತೇ, ಟಿವಿ ನೋಡಿ ಹೆದರಿರುವ ಅಮ್ಮನಿಗೆ ಏನು ಹೇಳಲಿ ಎಂದು. ಜೊತೆಗೆ ಬಾಡಿಗೆ, ಅಕ್ಕಿ. ಬಾಡಿಗೆ ದುಬಾರಿ, ಆ ಮಾತು ಬಿಡು. ಅಕ್ಕಿ, ತೆಂಗಿನಕಾಯಿ ಲಾ ಶಾಪೆಲ್‌ನ ತಮಿಳರ ಅಂಗಡಿಗಳಲ್ಲಿ ಸಿಗುತ್ತವೆ. ಮುರುಗಲು ಸಿಪ್ಪೆಯನ್ನು ಮಾತ್ರ ಊರಿನಿಂದಲೇ ತರಿಸಿಕೋ.

ನಮ್ಮ ಕಡೆಯ ಪ್ರತಿಭಟನೆ ನಿನಗೆ ಗೊತ್ತೇ ಇದೆ. ಘೋಷಣೆ ಕೂಗುತ್ತ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿ, ಮನವಿ ಕೊಟ್ಟು, ಪತ್ರಿಕೆಗೆ ಫೋಟೋ ತೆಗೆಸಿಕೊಂಡರೆ ಊಟದ ಹೊತ್ತಿಗೆ ಎಲ್ಲರೂ ಮನೆಯಲ್ಲಿ. ಇಲ್ಲಿ ಮನವಿ ಸ್ವೀಕರಿಸಲು ಯಾರೂ ಮೆಟ್ಟಿಲಿಳಿದು ಬರುವುದಿಲ್ಲ. ರಿಪಬ್ಲಿಕ್ ಚೌಕದಿಂದ ಬಾಸ್ತೀಲ್, ಅಲ್ಲಿಂದ ಮುಂದಕ್ಕೆ ಸುಮ್ಮನೆ ನಡೆಯುತ್ತಾರೆ. ಹಿಂಭಾಗದಲ್ಲಿ ಕಾರ್ಮಿಕ ಸಂಘಗಳ ದೊಡ್ಡ ಬಲೂನುಗಳು, ಹಾಡು, ಸಾಸೇಜ್ ಸುಡುವ ಹೊಗೆ. ಗಲಾಟೆಯೆಲ್ಲ ಹೆಚ್ಚಾಗಿ ಮುಂಭಾಗದಲ್ಲಿ. ನೀನು ಹಿಂದಿರು.

ನಾನು ಕುಮಟಾದಿಂದ ಇಲ್ಲಿಗೆ ಬಂದದ್ದು 2018ರಲ್ಲಿ. ಆ ನವೆಂಬರ್ 17ಕ್ಕೆ ಇಂಧನ ತೆರಿಗೆಯ ವಿರುದ್ಧ ಹಳದಿ ಜಾಕೆಟ್‌ನವರು ಬೀದಿಗಿಳಿದರು. ಕಾರಿನಲ್ಲಿ ಅಂಥ ಜಾಕೆಟ್ ಇಟ್ಟುಕೊಳ್ಳುವುದು 2008ರಿಂದಲೂ ಕಡ್ಡಾಯ, ಹಾಗಾಗಿ ಬಾವುಟ ಹೊಲಿಸುವ ಖರ್ಚೂ ಇರಲಿಲ್ಲ. ಡಿಸೆಂಬರ್‌ನ ಮೊದಲ ಶನಿವಾರ ಅಶ್ರುವಾಯು ನನ್ನ ಕಣ್ಣಿಗೂ ಬಿತ್ತು. ಹಳದಿ ಜಾಕೆಟ್‌ನ ಹೆಂಗಸೊಬ್ಬಳು ನನ್ನ ಗದ್ದ ಹಿಡಿದೆತ್ತಿ, ಬೆರಳಿನಷ್ಟು ಪ್ಲಾಸ್ಟಿಕ್ ಕೊಳವೆಯ ತುದಿ ಮುರಿದು, ಉಪ್ಪುನೀರನ್ನು ಕಣ್ಣಿಗೆ ಹಿಂಡಿದಳು. ಹರುಕುಮುರುಕು ಇಂಗ್ಲಿಷ್‌ನಲ್ಲಿ ತನ್ನ ಹಳ್ಳಿಯ ಕತೆ ಹೇಳಿದಳು: ರೈಲಿಲ್ಲ, ಹತ್ತಿರದ ಹೆರಿಗೆ ಆಸ್ಪತ್ರೆ ಮುಚ್ಚಿದೆ, ಡೀಸೆಲ್ ಏರಿದರೆ ವೈದ್ಯರೂ ದೂರವಾಗುತ್ತಾರೆ. ದೊಡ್ಡ ಕಾಯಿಲೆ ಎಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುವ ಜಿಲ್ಲೆಯವನಿಗೆ ಇದನ್ನು ಬಿಡಿಸಿ ಹೇಳಬೇಕೇ? ಆ ತಿಂಗಳೇ ಸರ್ಕಾರ ತೆರಿಗೆ ಏರಿಕೆಯನ್ನು ಕೈಬಿಟ್ಟಿತು.

ಇಲ್ಲಿನ ಸಹೋದ್ಯೋಗಿಗಳ ಮುಂದೆ ನಾನು 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, 1983ರಲ್ಲಿ ನಿಮ್ಮ ಶಿರಸಿಯ ಸಲ್ಕಣಿಯಲ್ಲಿ ಮರ ತಬ್ಬಿ ನಿಂತ ಅಪ್ಪಿಕೋ ಎಂದೆಲ್ಲ ಜಂಬ ಕೊಚ್ಚುವುದುಂಟು. ಆದರೆ 2022ರಲ್ಲಿ ಸುಸಜ್ಜಿತ ಆಸ್ಪತ್ರೆಗಾಗಿ ನಮ್ಮ ಜಿಲ್ಲೆಯ ಜನ ಬೀದಿಗಿಳಿದಾಗ, ಅಣ್ಣ ಫಲಕ ಹಿಡಿದು ನಿಂತದ್ದನ್ನು ಮೆಟ್ರೋದಲ್ಲಿ ಕುಳಿತು ಮೊಬೈಲ್‌ನಲ್ಲಿ ನೋಡಿದೆ. ಮರುವರ್ಷ ಇಲ್ಲಿನ ಸರ್ಕಾರ ನಿವೃತ್ತಿಯ ವಯಸ್ಸನ್ನು 62ರಿಂದ 64ಕ್ಕೆ ಏರಿಸಿದಾಗ ಪಕ್ಕದ ಮೇಜಿನವಳು, ‘ನಿನ್ನ ಸಂಬಳದಿಂದಲೂ ಪಿಂಚಣಿಗೆ ಹಣ ಕಡಿತವಾಗುತ್ತದೆ, ಮೆರವಣಿಗೆಗೆ ಬಾ’ ಎಂದು ಕರೆದಳು. ವಾಸದ ಕಾರ್ಡ್ ನವೀಕರಣದಲ್ಲಿದೆ ಎಂದೆ. ಕಾನೂನಿನ ಅಡ್ಡಿಯೇನೂ ಇರಲಿಲ್ಲ. ಹೆಂಡತಿ, ಮಗು ಅದೇ ಕಾರ್ಡಿಗೆ ಜೋತುಬಿದ್ದಿರುವಾಗ ಇನ್ನೊಮ್ಮೆ ಕೇಳಿದರೂ ಅದನ್ನೇ ಹೇಳಿಯೇನು. ಅವಳು ಇನ್ನೊಮ್ಮೆ ಕೇಳಲಿಲ್ಲ. ಅದು ಈಗಲೂ ಕುಟುಕುತ್ತದೆ.

ನಿನ್ನ ವೀಸಾದ ಮಾತಿಗೆ ಬರುತ್ತೇನೆ. ಶಾಂತಿಯುತ ಮೆರವಣಿಗೆಯಲ್ಲಿ ವಿದೇಶಿಯರೂ ನಡೆಯಬಹುದು. ದಾಖಲೆ ಜೇಬಿನಲ್ಲಿರಲಿ. ಚದುರಿ ಎಂದು ಪೊಲೀಸರು ಧ್ವನಿವರ್ಧಕದಲ್ಲಿ ಕೂಗಿದ ಮೇಲೆ ಒಂದು ಕ್ಷಣವೂ ನಿಲ್ಲಬೇಡ: ನಿಂತವರಿಗೆ 1 ವರ್ಷದವರೆಗೆ ಜೈಲು, 15,000 ಯೂರೋವರೆಗೆ ದಂಡ. ಗಲಾಟೆಯ ನಡುವೆ ಮುಖ ಮುಚ್ಚಿಕೊಂಡರೂ 2019ರಿಂದ ಅಷ್ಟೇ ಶಿಕ್ಷೆ, ಆದ್ದರಿಂದ ಹೊಗೆ ಬಂದರೆ ಬಟ್ಟೆ ಸುತ್ತಿಕೊಳ್ಳುವ ಬದಲು ಅಲ್ಲಿಂದ ಹೊರಡು. ‘ನಾನು ಬರೀ ನೋಡಲು ಬಂದವನು’ ಎಂದರೆ ಶಿರಸಿ ಪೇಟೆಯ ಪೊಲೀಸರು ನಂಬಿಯಾರು, ಅವರಿಗೆ ನಿನ್ನ ಅಪ್ಪನ ಪರಿಚಯವಿದೆ. ಇಲ್ಲಿ ಹೆಲ್ಮೆಟ್ ಹಾಕಿದ ಸಾಲಿಗೆ ನೀನು ಗುಂಪಿನಲ್ಲಿ ಇನ್ನೊಬ್ಬ, ಅಷ್ಟೇ. ಯಾರ ಮುಖದ ಫೋಟೋವನ್ನೂ ತೆಗೆದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡ.

ಇನ್ನು ಅಮ್ಮ. ಟಿವಿಯವರು ಉರಿಯುವ ಒಂದೇ ಕಾರನ್ನು ಬೆಳಗಿನಿಂದ ಸಂಜೆಯವರೆಗೆ ತೋರಿಸುತ್ತಾರೆ. ಶಿರಸಿಯಲ್ಲಿ ಗಲಾಟೆಯಾದರೆ ಬನವಾಸಿಯವರು ಕದ ಹಾಕಿಕೊಳ್ಳುತ್ತಾರೆಯೇ ಎಂದು ಕೇಳು. ಮೆರವಣಿಗೆಯ ದಾರಿಯ ಮೆಟ್ರೋ ನಿಲ್ದಾಣಗಳನ್ನು ಮುಚ್ಚಿರುತ್ತಾರೆ, ನಡೆದೇ ಮರಳಬೇಕಾದೀತು. ಫೋನ್ ತಡವಾಗಬಹುದೆಂದು ಶುಕ್ರವಾರವೇ ಅಮ್ಮನಿಗೆ ಹೇಳಿಬಿಡು.