ಸ್ಟೋರೇಜ್ ಲೆನ್ಸ್: ಮೊದಲು ಹೋಮ್ ರೀಜನ್, ಆಮೇಲೆ ಪರ್ಮಿಷನ್

ನಿಮ್ಮ ಕಂಪನಿಯ ಬ್ಯಾಕಪ್ ಬಕೆಟ್‌ಗಳು (ಅಮೆಜಾನ್ ಕ್ಲೌಡ್‌ನಲ್ಲಿ ಫೈಲ್ ಇಡುವ ಜಾಗಗಳು) ಅರ್ಧ ಮುಂಬೈ ರೀಜನ್‌ನಲ್ಲಿ (ಅಮೆಜಾನ್‌ನ ಡೇಟಾ ಸೆಂಟರ್‌ಗಳಿರುವ ಪ್ರದೇಶ), ಅರ್ಧ ಹೈದರಾಬಾದ್‌ನಲ್ಲಿ ಇವೆ. ಎಲ್ಲವನ್ನೂ ಒಂದೇ ಕಡೆ ನೋಡಲು ಅಮೆಜಾನ್‌ನ ಎಸ್3 ಸ್ಟೋರೇಜ್ ಲೆನ್ಸ್ (ಬಕೆಟ್‌ಗಳ ಲೆಕ್ಕವನ್ನು ಡ್ಯಾಶ್‌ಬೋರ್ಡ್‌ನಲ್ಲಿ ತೋರಿಸುವ ಸೌಲಭ್ಯ) ಹಾಕಬೇಕು. ಯಾರಿಗೆ ಯಾವ ಪರ್ಮಿಷನ್ ಕೊಡಲಿ ಎಂದು ಕೇಳಿದ್ದೀರಿ. ಪರ್ಮಿಷನ್‌ಗೆ ಆಮೇಲೆ ಬರೋಣ. ಮೊದಲು ಹೋಮ್ ರೀಜನ್, ಅಂದರೆ ಡ್ಯಾಶ್‌ಬೋರ್ಡ್‌ನ ಲೆಕ್ಕ ಇಡುವ ರೀಜನ್, ಯಾವುದು ಎಂದು ತೀರ್ಮಾನ ಮಾಡಿ.

ಯಾಕೆಂದರೆ ಡ್ಯಾಶ್‌ಬೋರ್ಡ್ ಮಾಡುವಾಗ ಹೋಮ್ ರೀಜನ್ ಒಮ್ಮೆ ಆರಿಸಿದರೆ ಮುಗಿಯಿತು, ಬದಲಾಯಿಸಲು ಬರುವುದಿಲ್ಲ. ಬೇರೆ ರೀಜನ್‌ಗಳ ಲೆಕ್ಕವೂ ಅಲ್ಲೇ ಬಂದು ಸೇರುತ್ತದೆ. ನಾನು ಮೊದಲ ಸಲ ಆ ಜಾಗದಲ್ಲಿ ನಾರ್ತ್ ವರ್ಜೀನಿಯಾ ಇದ್ದದ್ದನ್ನು ಗಮನಿಸದೆ ಮುಂದೆ ಹೋಗಿಬಿಟ್ಟೆ. ದಿನವೂ ಬರುವ ವರದಿಯನ್ನು ಮುಂಬೈನ ಬಕೆಟ್‌ಗೆ ಇಳಿಸಬೇಕು ಅಂದಾಗ ಗೊತ್ತಾಯಿತು: ವರದಿ ಇಳಿಯುವ ಬಕೆಟ್ ಕೂಡ ಹೋಮ್ ರೀಜನ್‌ನಲ್ಲೇ ಇರಬೇಕು. ಡ್ಯಾಶ್‌ಬೋರ್ಡ್ ಅಳಿಸಿ ಹೊಸದು ಮಾಡಿದೆ. ಹೊಸದರಲ್ಲಿ ಅಂಕಿಗಳು ಕಾಣಲು 48 ಗಂಟೆವರೆಗೂ ಹಿಡಿಯಬಹುದು. ಬಾಸ್‌ಗೆ ನಾಳೆ ತೋರಿಸುತ್ತೇನೆ ಅಂತ ಮಾತು ಕೊಡಬೇಡಿ.

ನಿಮಗೆ ಮುಂಬೈಯೇ ಸರಿ. ಅದು 2016ರಿಂದ ಇದೆ, ಎಲ್ಲ ಅಕೌಂಟ್‌ಗಳಲ್ಲೂ ತಾನಾಗಿಯೇ ತೆರೆದಿರುತ್ತದೆ. ಹೈದರಾಬಾದ್ 2022ರಲ್ಲಿ ಬಂದದ್ದು. ಅದನ್ನು ಅಕೌಂಟ್‌ನಲ್ಲಿ ನಾವೇ ಆನ್ ಮಾಡಬೇಕು. ನೀವು ಬಳಸುತ್ತಿರುವುದರಿಂದ ಆ ಅಕೌಂಟ್‌ನಲ್ಲಿ ಆನ್ ಆಗಿಯೇ ಇದೆ. ನಾಳೆ ಇನ್ನೊಂದು ಅಕೌಂಟ್ ಸೇರಿಸಿದರೆ ಅಲ್ಲಿ ಮರೆಯಬೇಡಿ.

ಈಗ ಪರ್ಮಿಷನ್. ಮಾಡುವವರು, ನೋಡುವವರು ಬೇರೆ ಬೇರೆ ಅಲ್ವಾ? ಡ್ಯಾಶ್‌ಬೋರ್ಡ್ ಮಾಡಿ ತಿದ್ದುವ ಒಬ್ಬಿಬ್ಬರಿಗೆ ಮಾತ್ರ 'ಪುಟ್‌ಸ್ಟೋರೇಜ್‌ಲೆನ್ಸ್‌ಕಾನ್ಫಿಗರೇಶನ್' ಕೊಡಿ. ಸುಮ್ನೆ ನೋಡುವವರಿಗೆ ಕಾನ್ಫಿಗರೇಶನ್‌ಗಳ (ಡ್ಯಾಶ್‌ಬೋರ್ಡ್ ಸೆಟ್ಟಿಂಗ್‌ಗಳ) ಲಿಸ್ಟ್ ಮತ್ತು ಗೆಟ್ ಪರ್ಮಿಷನ್, ಜೊತೆಗೆ 'ಗೆಟ್‌ಸ್ಟೋರೇಜ್‌ಲೆನ್ಸ್‌ಡ್ಯಾಶ್‌ಬೋರ್ಡ್' ಸಾಕು. ರೂಟ್ ಲಾಗಿನ್‌ನಿಂದ (ಅಕೌಂಟ್‌ನ ಎಲ್ಲ ಅಧಿಕಾರ ಇರುವ ಮೂಲ ಲಾಗಿನ್) ಈ ಕೆಲಸ ಮಾಡಲೇಬೇಡಿ.

ಇಲ್ಲಿ ಒಂದು ವಿಷಯ ತುಂಬಾ ಜನರಿಗೆ ತಪ್ಪಿಹೋಗುತ್ತದೆ. ಒಂದು ಬಕೆಟ್ ಒಳಗೆ ಹೋಗಲು ಅನುಮತಿ ಇಲ್ಲದವರೂ ಡ್ಯಾಶ್‌ಬೋರ್ಡ್‌ನಲ್ಲಿ ಆ ಬಕೆಟ್‌ನ ಹೆಸರು, ಗಾತ್ರ ನೋಡಬಹುದು. ಹೆಸರೇ ಗುಟ್ಟು ಬಿಟ್ಟುಕೊಡುವಂತಿದ್ದರೆ, ಉದಾಹರಣೆಗೆ ಗ್ರಾಹಕರ ಹೆಸರಿಟ್ಟ ಬಕೆಟ್ ಇದ್ದರೆ, ಅದನ್ನು ಹೊರಗಿಟ್ಟು ಇನ್ನೊಂದು ಡ್ಯಾಶ್‌ಬೋರ್ಡ್ ಮಾಡಿ. ಹೊರಗಿನ ಆಡಿಟರ್‌ಗೆ ಆ ಒಂದನ್ನು ನೋಡಲು ಮಾತ್ರ ಪಾಲಿಸಿ (ಅನುಮತಿಯ ನಿಯಮ) ಬರೆಯಿರಿ.

ಇನ್ನು ಸರ್ವಿಸ್‌ಗೂ ಪರ್ಮಿಷನ್ ಬೇಕು. ವರದಿ ಇಳಿಯುವ ಬಕೆಟ್‌ನ ಪಾಲಿಸಿಯಲ್ಲಿ ಸ್ಟೋರೇಜ್ ಲೆನ್ಸ್‌ಗೆ ಪುಟ್‌ಆಬ್ಜೆಕ್ಟ್ (ಫೈಲ್ ಬರೆಯುವ ಅನುಮತಿ) ಇರಬೇಕು. ವರದಿಯನ್ನು ನಿಮ್ಮದೇ ಕೆಎಂಎಸ್ ಕೀಯಿಂದ (ಅಮೆಜಾನ್‌ನ ಕೀ ನಿರ್ವಹಣೆ ಸೇವೆಯ ಕೀ) ಎನ್‌ಕ್ರಿಪ್ಟ್ ಮಾಡಿದರೆ ಆ ಕೀಯ ಪಾಲಿಸಿಯಲ್ಲೂ ಸ್ಟೋರೇಜ್ ಲೆನ್ಸ್ ಅನ್ನು ಸೇರಿಸಿ. ನಾನು ಕಂಡಂತೆ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ: ಬಕೆಟ್ ಪಾಲಿಸಿ ಸರಿ ಇರುತ್ತದೆ, ಕೀ ಬಿಟ್ಟುಹೋಗಿರುತ್ತದೆ, ವರದಿ ಮಾತ್ರ ಬರುವುದಿಲ್ಲ.

ಹಲವು ಅಕೌಂಟ್‌ಗಳನ್ನು ಒಟ್ಟಿಗೆ ನೋಡಬೇಕಿದ್ದರೆ ಆರ್ಗನೈಸೇಷನ್‌ನ (ಅಕೌಂಟ್‌ಗಳನ್ನೆಲ್ಲ ಕೂಡಿಸಿದ ಗುಂಪು) ಮ್ಯಾನೇಜ್‌ಮೆಂಟ್ ಅಕೌಂಟ್‌ನಿಂದ ಸ್ಟೋರೇಜ್ ಲೆನ್ಸ್‌ಗೆ ಟ್ರಸ್ಟೆಡ್ ಆಕ್ಸೆಸ್ ಆನ್ ಮಾಡಿಸಿ.

ದುಡ್ಡು ಕೊಟ್ಟು ತೆಗೆದುಕೊಳ್ಳುವ ಅಡ್ವಾನ್ಸ್ಡ್ ಆವೃತ್ತಿ ಈಗಲೇ ಬೇಡ. ಉಚಿತದ್ದರಲ್ಲಿ 14 ದಿನದ ಅಂಕಿ ನೋಡಬಹುದು, ಅಡ್ವಾನ್ಸ್ಡ್‌ನಲ್ಲಿ 15 ತಿಂಗಳದ್ದು. ದಿನದ ವರದಿಯನ್ನು ಬಕೆಟ್‌ಗೆ ಇಳಿಸಿಟ್ಟುಕೊಂಡರೆ ಹಳೆಯ ಲೆಕ್ಕ ನಿಮ್ಮ ಹತ್ತಿರವೇ ಉಳಿಯುತ್ತದೆ.

ಅಂಕಿಗಳು ಬಂದ ಕೂಡಲೇ ಅರ್ಧಕ್ಕೆ ನಿಂತ ಮಲ್ಟಿಪಾರ್ಟ್ ಅಪ್‌ಲೋಡ್‌ಗಳ (ದೊಡ್ಡ ಫೈಲನ್ನು ತುಂಡು ತುಂಡಾಗಿ ಕಳಿಸುವುದು) ಗಾತ್ರ ನೋಡಿ. ಫೈಲ್‌ಗಳ ಪಟ್ಟಿಯಲ್ಲಿ ಅವು ಕಾಣುವುದೇ ಇಲ್ಲ, ಬಿಲ್‌ನಲ್ಲಿ ಮಾತ್ರ ಇರುತ್ತವೆ. ಬ್ಯಾಕಪ್ ಬಕೆಟ್‌ಗಳಲ್ಲಿ ಇಂಥವು ಸೇರುತ್ತಲೇ ಇರುತ್ತವೆ. ನಾವು 7 ದಿನ ಕಳೆದರೆ ತಾನಾಗಿಯೇ ಅಳಿಸುವ ಲೈಫ್‌ಸೈಕಲ್ ರೂಲ್ ಹಾಕಿದ್ದೇವೆ, ನೀವೂ ಅದೇ ಹಾಕಿ.