ರೋಮನ್ನರ ವಿಜಯ ಮೆರವಣಿಗೆಗಳ ಪಟ್ಟಿ: ಎಷ್ಟು ನಂಬಬಹುದು?

ಗೆದ್ದು ಬಂದ ರೋಮನ್ ಸೇನಾಪತಿಗಳ ಮೆರವಣಿಗೆಗೆ ದಾಖಲೆ ಇದೆಯಾ, ಅದನ್ನು ನಂಬಬಹುದಾ ಅಂತ ಕೇಳಿದ್ದೀರಿ. ಇದೆ, ಅದೂ ಅಮೃತಶಿಲೆಯ ಮೇಲೆ! ಹೆಸರು ಫಾಸ್ಟಿ ಟ್ರಯಂಫಾಲೆಸ್. ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ ಕೆತ್ತಿಸಿದ್ದು. ಒಡೆದ ತುಂಡುಗಳು 1546ರ ಸುಮಾರಿಗೆ ರೋಮನ್ ಫೋರಮ್‌ನಲ್ಲಿ (ಹಳೆಯ ರೋಮ್ ನಗರದ ಮುಖ್ಯ ಚೌಕ) ಸಿಕ್ಕವು. ಈಗ ರೋಮ್‌ನ ಕ್ಯಾಪಿಟೋಲೈನ್ ಮ್ಯೂಸಿಯಂನಲ್ಲಿವೆ.

ಒಂದು ಸಾಲು ನೋಡಿ. ಗೈಯಸ್ ಡುಯಿಲಿಯಸ್, ಮಾರ್ಕಸನ ಮಗ, ಮಾರ್ಕಸನ ಮೊಮ್ಮಗ, ಕಾನ್ಸಲ್ (ರೋಮ್‌ನ ಅತ್ಯುನ್ನತ ಅಧಿಕಾರಿ). ಸಿಸಿಲಿಯವರನ್ನೂ ಉತ್ತರ ಆಫ್ರಿಕಾದ ಎದುರಾಳಿ ನಗರ ಕಾರ್ತೇಜ್‌ನ ನೌಕಾಪಡೆಯನ್ನೂ ಗೆದ್ದು, ಸಮುದ್ರ ವಿಜಯದ ಮೆರವಣಿಗೆ ಮಾಡಿದ ಮೊದಲಿಗ. ಯುದ್ಧ ನಡೆದದ್ದು ಕ್ರಿ.ಪೂ. 260ರಲ್ಲಿ. ಮೆರವಣಿಗೆಯ ದಿನ ಅಧಿಕ ಮಾಸದ ಮೊದಲನೇ ದಿನ. ಹೌದು, ಅವರ ಪಂಚಾಂಗದಲ್ಲೂ ಅಧಿಕ ಮಾಸ ಇತ್ತು! ಅಪ್ಪ, ಅಜ್ಜ, ಹುದ್ದೆ, ಸೋತವರು, ವರ್ಷ, ದಿನ ಎಲ್ಲವೂ ಒಂದೇ ಸಾಲಲ್ಲಿ. ಓದುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಪೂರ್ತಿ ನಂಬಬೇಡಿ. ಪಟ್ಟಿ ಶುರುವಾಗೋದು ರೋಮ್ ಕಟ್ಟಿದ ಅನ್ನೋ ರೊಮುಲಸ್‌ನಿಂದ, ಅದು ಬರೀ ಐತಿಹ್ಯ. ದೊಡ್ಡ ಮನೆತನಗಳು ತಮ್ಮ ಹಿರಿಯರಿಗೆ ಇಲ್ಲದ ಗೆಲುವು ಸೇರಿಸಿಕೊಂಡು ಇತಿಹಾಸ ಕೆಡಿಸಿದವು ಅಂತ ಇತಿಹಾಸಕಾರ ಲಿವಿಯೇ ಬೇಸರಪಟ್ಟಿದ್ದಾನೆ. ಕಾರ್ತೇಜ್ ಯುದ್ಧಗಳ ಕಾಲದಿಂದೀಚೆಗಿನ ಸಾಲುಗಳನ್ನು ಜಾಸ್ತಿ ನೆಚ್ಚಿಕೊಳ್ಳಬಹುದು. ಪಟ್ಟಿಯ ಕೊನೆಯ ಹೆಸರು ಸೇನಾಪತಿ ಬಾಲ್ಬಸ್, ಕ್ರಿ.ಪೂ. 19. ಆಮೇಲೆ ಈ ಗೌರವ ಚಕ್ರವರ್ತಿಯ ಮನೆಯವರಿಗೆ ಮಾತ್ರ ಸಿಕ್ಕಿತು.